ಮೂರು ಬಂದೂಕುಗಳ ಮುದ್ರೆ

ನಮ್ಮ ದಾದಾ ಅವರ ಬಳಿ ಒಂದು ಹಳೆಯ ಬಿ.ಎಸ್.ಎ. ಸೈಕಲ್ಲಿತ್ತು. ಅದರ ಹ್ಯಾಂಡಲ್ಲಿನ ಕೆಳಗೆ, ಮುಂಭಾಗದಲ್ಲಿ, ಬೆರಳುದ್ದದ ಒಂದು ಲೋಹದ ಬಿಲ್ಲೆ. ಅದರ ಮೇಲೆ ಮೂರು ಬಂದೂಕುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಶುಕ್ರವಾರ ನಮಾಜಿಗೆ ಹೊರಡುವ ಮುನ್ನ ದಾದಾ ಸೈಕಲ್ಲನ್ನು ಒರೆಸುತ್ತಿದ್ದರು. ಆ ಬಿಲ್ಲೆಯ ಪಾಲಿಗೆ ತೆಂಗಿನೆಣ್ಣೆಯ ಒಂದು ತೊಟ್ಟು ಕಡ್ಡಾಯ. ಸೈಕಲ್ಲಿಗೆ ಬಂದೂಕು ಯಾಕೆ ಎಂದು ನಾವು ಕೇಳಿದಾಗ, 'ಬೇಟಾ, ಇದು ಹುಟ್ಟಿದ ಮನೆಯೇ ಬಂದೂಕಿನ ಮನೆ' ಎಂದಿದ್ದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. ಅವರು ಹೇಳಿದ್ದು ನಿಜ ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು.

ಬಿ.ಎಸ್.ಎ. ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಬಂದೂಕು ಕಸುಬುದಾರರು ಒಟ್ಟಾಗಿ 1861ರಲ್ಲಿ ಕಟ್ಟಿದ ಕಂಪೆನಿ. ಸರ್ಕಾರದಿಂದ ಬಂದೂಕಿನ ಬೇಡಿಕೆ ಬಂದಾಗ ಕಾರ್ಖಾನೆಗೆ ಹಬ್ಬ, ಯುದ್ಧ ನಿಂತಾಗ ಉಪವಾಸ. ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕುತ್ತ 1880ರಲ್ಲಿ ಅವರು ಸೈಕಲ್ ತಯಾರಿಕೆಗೆ ಇಳಿದರು. ಆಮೇಲೆ ಮೋಟಾರ್ ಸೈಕಲ್ಲೂ ಬಂತು. ಹಳೆಯ ಮುದ್ರೆ ಮಾತ್ರ ಬದಲಾಗಲಿಲ್ಲ. ಸೈನಿಕರು ಬಿಡುವಿನ ಹೊತ್ತಿನಲ್ಲಿ ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುವ ಚಿತ್ರ ಅದು. ಹೀಗೆ ಆ ಮೂರು ಬಂದೂಕುಗಳು ನಮ್ಮ ಊರಿನ ಮಸೀದಿಯ ಬಾಗಿಲವರೆಗೂ ಬಂದು, ಗೋಡೆಗೆ ಒರಗಿ ನಿಂತು, ನಮಾಜು ಮುಗಿಯುವುದನ್ನು ಕಾಯುತ್ತಿದ್ದವು.

ಇದೇ ಕಾರ್ಖಾನೆ ಮಾಡಿದ ಮತ್ತೊಂದು ವಸ್ತು ಈ ಲೇಖನದ ವಿಷಯ: ಗುರಿ ಅಭ್ಯಾಸದ ಸಣ್ಣ ನಳಿಗೆಯ ರೈಫಲ್. ನಾವೆಲ್ಲ ಎನ್.ಸಿ.ಸಿ.ಯಲ್ಲಿ 'ಪಾಯಿಂಟ್ ಟೂ ಟೂ' ಎಂದು ಕರೆಯುತ್ತಿದ್ದ ಜಾತಿಯದು. ನಳಿಗೆಯ ತೂತು ಕೇವಲ 5.6 ಮಿಲಿಮೀಟರ್. ಗುಂಡು ನೆಲಗಡಲೆ ಬೀಜಕ್ಕಿಂತ ಚಿಕ್ಕದು. ಸದ್ದು ಕಡಿಮೆ, ಖರ್ಚು ಕಡಿಮೆ, ಭುಜಕ್ಕೆ ಒದೆತವಿಲ್ಲ. ಆದರೆ ಈ ಸಾಧು ಪ್ರಾಣಿಯ ಜಾತಕದಲ್ಲಿ ಒಂದು ಇಡೀ ಸಾಮ್ರಾಜ್ಯದ ಭಯ ಬರೆದಿದೆ.

ಇದರ ತೋಟಾದ ಹುಟ್ಟನ್ನೇ ನೋಡಿ. ತೋಟಾದ ಅಂಚಿನಲ್ಲೇ ಕಿಡಿಯ ಮದ್ದು ತುಂಬಿದ ಪಾಯಿಂಟ್ ಟೂ ಟೂ ಶಾರ್ಟ್ ಅನ್ನು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿ ತಂದದ್ದು 1857ರಲ್ಲಿ. ಅದೇ ವರ್ಷ ನಮ್ಮ ದೇಶದಲ್ಲಿ ಇನ್ನೊಂದು ತೋಟಾ, ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ಕಾಗದದ ತೋಟಾ, ದಂಗೆಗೆ ಕಿಡಿಯಾಯಿತು. ಒಂದೇ ವರ್ಷ ಲೋಕದ ಎರಡು ತುದಿಯಲ್ಲಿ ಎರಡು ತೋಟಾಗಳು. ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಮುಂದೆ ಬರುವ ಒಬ್ಬ ಮನುಷ್ಯನಿಗೆ ಎರಡರ ಸಂಬಂಧವೂ ಇತ್ತು.

ಆತ ಫ್ರೆಡರಿಕ್ ರಾಬರ್ಟ್ಸ್. ಹುಟ್ಟಿದ್ದು ಕಾನಪುರದಲ್ಲಿ, 1832ರಲ್ಲಿ. 1857ರ ದಂಗೆಯನ್ನು ಹತ್ತಿಕ್ಕಿದ ಪಡೆಯಲ್ಲಿ ತರುಣ ಅಧಿಕಾರಿಯಾಗಿದ್ದು ವಿಕ್ಟೋರಿಯಾ ಕ್ರಾಸ್ ಪಡೆದವನು. 1885ರಿಂದ 1893ರವರೆಗೆ ಭಾರತದ ಸೇನೆಗೆ ದಂಡನಾಯಕ. 1899ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ರೈತರು ಒಂದೇ ವಾರದಲ್ಲಿ ಮೂರು ಕಡೆ ಬ್ರಿಟಿಷ್ ಸೇನೆಯನ್ನು ಸೋಲಿಸಿದರು. ಅದನ್ನು ಇಂಗ್ಲೆಂಡಿನವರು ಇಂದಿಗೂ ಕಪ್ಪು ವಾರ ಎನ್ನುತ್ತಾರೆ. ಆ ವಾರ ಕೊಲೆನ್ಸೊ ಎಂಬಲ್ಲಿ ಫಿರಂಗಿಗಳನ್ನು ಉಳಿಸಲು ಮುನ್ನುಗ್ಗಿ ಗಾಯಗೊಂಡು ಸತ್ತವರಲ್ಲಿ ರಾಬರ್ಟ್ಸನ ಒಬ್ಬನೇ ಮಗನೂ ಇದ್ದ. ಅದೇ ದಿನಗಳಲ್ಲಿ ಆ ಯುದ್ಧದ ನೇತೃತ್ವ ವಹಿಸಿಕೊಂಡ ತಂದೆ ಮಗನ ಸಾವಿನ ಸುದ್ದಿಯನ್ನು ಎದೆಯಲ್ಲಿಟ್ಟುಕೊಂಡೇ ಹಡಗು ಹತ್ತಿದ.

ಹೊಲ ಉಳುವವರು ದೂರದಿಂದ ಗುರಿಯಿಟ್ಟು ಹೊಡೆಯಬಲ್ಲರು, ನಮ್ಮ ಪಟ್ಟಣದ ಹುಡುಗರಿಗೆ ಬಂದೂಕು ಹಿಡಿಯಲೂ ಬಾರದು ಎಂಬುದು ಆ ಯುದ್ಧ ಕಲಿಸಿದ ಪಾಠ. 1900ರಲ್ಲಿ ಪ್ರಧಾನಿ ಸಾಲಿಸ್‌ಬರಿ, ಬಡವರ ಗುಡಿಸಲಲ್ಲೂ ರೈಫಲ್ ಇರುವಂತಾಗಬೇಕೆಂಬ ಆಶಯವನ್ನು ಬಹಿರಂಗವಾಗಿ ಆಡಿದರು. 1901ರಲ್ಲಿ ಕಾರ್ಮಿಕರ ರೈಫಲ್ ಕ್ಲಬ್ಬುಗಳ ಸಂಘ ಹುಟ್ಟಿತು. 1903ರಲ್ಲಿ ಅದು ಇನ್ನೊಂದು ಸಂಘದೊಡನೆ ಕೂಡಿ ಮಿನಿಯೇಚರ್ ರೈಫಲ್ ಕ್ಲಬ್ಬುಗಳ ಸಂಘವಾಯಿತು. ಅದರ ಅಧ್ಯಕ್ಷ ಇದೇ ರಾಬರ್ಟ್ಸ್. ಕಾರ್ಖಾನೆಯ ಮೂಲೆ, ಹೆಂಡದಂಗಡಿಯ ಹಿತ್ತಲು, ಅಂಚೆ ಮತ್ತು ರೈಲ್ವೆ ನೌಕರರ ಸಭಾಂಗಣ, ಎಲ್ಲೆಂದರಲ್ಲಿ ಇಪ್ಪತ್ತೈದು ಗಜ ಜಾಗ ಸಿಕ್ಕರೆ ಸಾಕು, ಗುರಿಹಲಗೆ ಏಳುತ್ತಿತ್ತು. ದೊಡ್ಡ ರೈಫಲ್ಲಿಗೆ ಮೈದಾನ ಬೇಕು, ಸಣ್ಣದಕ್ಕೆ ಒಂದು ಹಜಾರ ಸಾಕು. 1908ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಈ ಸಣ್ಣ ರೈಫಲ್ಲೇ ಸ್ಪರ್ಧೆಯ ವಸ್ತುವಾಗಿತ್ತು. ಮಲಗಿ ಹೊಡೆಯುವ ಸ್ಪರ್ಧೆಯ ಚಿನ್ನ ಬ್ರಿಟನ್ನಿನ ಆರ್ಥರ್ ಕಾರ್ನೆಲ್‌ಗೆ ಸಿಕ್ಕಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ರಾಣಿಯ, ಅದೇ ರಾಜನ ಪ್ರಜೆಗಳಾಗಿದ್ದ ನಮ್ಮವರ ಪಾಡು ಏನಿತ್ತು? 1878ರ ಆಯುಧ ಕಾಯಿದೆಯ ಪ್ರಕಾರ ಭಾರತೀಯನಿಗೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. ಇಲ್ಲೇ ವಾಸಿಸುವ ಯುರೋಪಿಯನ್ನನಿಗೆ ವಿನಾಯಿತಿ. ನಮ್ಮ ಕಡೆ ಕೊಡವರಿಗೆ 1861ರಲ್ಲೇ ಸಿಕ್ಕ ರಿಯಾಯಿತಿಯಂಥವು ಎಣಿಕೆಗೆ ಸಿಗುವಷ್ಟೇ. 1887ರಲ್ಲಿ ಬದ್ರುದ್ದೀನ್ ತ್ಯಾಬ್ಜಿ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲಿ ತರುಣ ಬಿಪಿನ್ ಚಂದ್ರ ಪಾಲ್ ಈ ತಾರತಮ್ಯದ ವಿರುದ್ಧ ಮಾತನಾಡಿದರು. ಬಂದೂಕು ಬೇಕೆಂಬ ಹಟಕ್ಕಿಂತ ಮುಖ್ಯವಾದ ಪ್ರಶ್ನೆ ಅವರದು: ನಂಬಿಕೆಗೆ ಯಾರು ಅರ್ಹರು, ಅನುಮಾನಕ್ಕೆ ಯಾರು ಅರ್ಹರು? ಬರ್ಮಿಂಗ್‌ಹ್ಯಾಮಿನ ಕೂಲಿಕಾರನ ಕೈಗೆ ಬಂದೂಕು ಕೊಟ್ಟು ಬೆನ್ನು ತಟ್ಟಿದ ಸರ್ಕಾರ, ಕಾನಪುರದ ಕೂಲಿಕಾರನ ಜೋಪಡಿಯನ್ನು ಬಂದೂಕಿಗಾಗಿ ಜಾಲಾಡಬಹುದಿತ್ತು. ಒಂದು ಹಳೆಯ ಗುರಿ ರೈಫಲ್ಲನ್ನು ಕೈಗೆತ್ತಿಕೊಂಡಾಗ ಅದರ ತೂಕದಲ್ಲಿ ಈ ವ್ಯತ್ಯಾಸವೂ ಸೇರಿದೆ ಎಂದು ನಮಗೆ ಅನಿಸುತ್ತದೆ.

ಹಳೆಯ ರೈಫಲ್ಲನ್ನು ಗುರುತಿಸುವುದು ಹೇಗೆ? ಬಲ್ಲವರು ಮೊದಲು ನೋಡುವುದು ಹೆಸರನ್ನಲ್ಲ, ಅದು ಬಾಯಿ ತೆರೆಯುವ ರೀತಿಯನ್ನು. ಬೋಲ್ಟು ಎಳೆದು ತೋಟಾ ಇಡುವುದಾದರೆ ಒಂದು ಕುಲ. 1906ರಲ್ಲಿ ಬ್ರಿಟಿಷ್ ಯುದ್ಧ ಕಚೇರಿ ಒಪ್ಪಿದ ಮಾದರಿಯ ಮಿನಿಯೇಚರ್ ರೈಫಲ್ ಈ ಕುಲದ್ದು. ಟ್ರಿಗರ್ ಹಿಂದಿರುವ ಸನ್ನೆಯನ್ನು ಕೆಳಗೆ ಒತ್ತಿದರೆ ಮೇಲಿನ ಉಕ್ಕಿನ ತುಂಡು ಮುಂಭಾಗದಲ್ಲಿ ತಗ್ಗಿ ನಳಿಗೆಯ ಬಾಯಿ ತೆರೆದುಕೊಳ್ಳುವುದಾದರೆ ಅದು ಮಾರ್ಟಿನಿ ಕುಲ. ಈ ಏರ್ಪಾಟಿನ ಮೂಲ ಬೋಸ್ಟನ್ನಿನ ಪೀಬಾಡಿಯ 1862ರ ಪೇಟೆಂಟು. ಅದನ್ನು ತಿದ್ದಿದವರು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಮಾರ್ಟಿನಿ. ಒಂದು ಕೀಲು ಕಿತ್ತರೆ ಒಳಗಿನ ಯಂತ್ರವೆಲ್ಲ ಕೈಗೆ ಬರುವಂತೆ ಮಾಡಿದವರು ಬೆಲ್ಜಿಯಮ್ಮಿನ ಫ್ರಾಂಕೋಟ್. ಅದನ್ನು ಸಾವಿರ ಸಾವಿರ ಲೆಕ್ಕದಲ್ಲಿ ಮಾಡಿ ಮಾರಿದ್ದು ಬಿ.ಎಸ್.ಎ. ಇಷ್ಟು ದೇಶಗಳ ನೀರು ಕುಡಿದ ಯಂತ್ರವನ್ನು 'ಅಪ್ಪಟ ಇಂಗ್ಲಿಷ್ ರೈಫಲ್' ಎಂದು ಜನ ಕರೆದರು!

ಎರಡನೆಯದು ಮುದ್ರೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಒಂದು ಪರೀಕ್ಷಾಲಯವಿದೆ. ಅಲ್ಲಿ ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ಒಡೆಯದೆ ಉಳಿದದ್ದಕ್ಕೆ ಮುದ್ರೆ. ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡಗಳಿದ್ದರೆ 1904ಕ್ಕೆ ಹಿಂದಿನದು. ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳಿದ್ದರೆ ಅದರ ನಂತರದ್ದು. ಬಿ.ಎನ್.ಪಿ. ಎಂಬ ಮೂರಕ್ಷರ ಒಟ್ಟಿಗೆ ಇದ್ದರೆ 1950ರ ದಶಕದ ನಡುವಿನಿಂದ ಈಚೆಯದು. ಇದು ಪರೀಕ್ಷೆಯ ಕಾಲ ಹೇಳುತ್ತದೆಯೇ ಹೊರತು ಹುಟ್ಟಿದ ಕಾಲವನ್ನಲ್ಲ. ನಳಿಗೆ ಬದಲಾದರೆ ಮತ್ತೆ ಪರೀಕ್ಷೆ, ಮತ್ತೆ ಮುದ್ರೆ.

ಮೂರನೆಯದು ವಿಳಾಸ. ಜರ್ಮನಿಯ ಅನ್‌ಶುಟ್ಸ್ ಮತ್ತು ವಾಲ್ಥರ್ ಹೆಸರಾಂತ ಗುರಿ ರೈಫಲ್ಲುಗಳು. ನಳಿಗೆಯ ಮೇಲೆ 'ಜೆಲ್ಲಾ-ಮೆಹ್ಲಿಸ್' ಎಂದಿದ್ದರೆ ಅದು 1919ರ ನಂತರದ್ದು, ಏಕೆಂದರೆ ಜೆಲ್ಲಾ ಮತ್ತು ಮೆಹ್ಲಿಸ್ ಎಂಬ ಎರಡು ಊರು ಒಂದಾದದ್ದು ಆ ವರ್ಷ. 'ಉಲ್ಮ್' ಎಂದಿದ್ದರೆ ಎರಡನೆಯ ಮಹಾಯುದ್ಧದ ನಂತರದ್ದು. ಹಳೆಯ ಊರು ಸೋವಿಯತ್ ವಶಕ್ಕೆ ಹೋದಾಗ ಈ ಮನೆತನಗಳು ಬರಿಗೈಯಲ್ಲಿ ಪಶ್ಚಿಮಕ್ಕೆ ಬಂದು ಮತ್ತೆ ಒಲೆ ಹಚ್ಚಿದವು. ವಿಭಜನೆಯ ಕತೆಗಳನ್ನು ಉರ್ದುವಿನಲ್ಲಿ ಓದಿ ಬೆಳೆದ ನಮಗೆ, ಬಂದೂಕಿನ ಮೇಲಿನ ಎರಡು ಊರಿನ ಹೆಸರು ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. 1934ರ ಜರ್ಮನ್ 'ಕ್ರೀಡಾ ಮಾದರಿ' ಮಾತ್ರ ಹೆಸರಿಗಷ್ಟೇ ಕ್ರೀಡೆ. ಮೈಕಟ್ಟೆಲ್ಲ ಸೈನ್ಯದ ಮೌಸರ್ ರೈಫಲ್ಲಿನದು. ಹಿಟ್ಲರನ ಪಡೆಗಳು ತಾಲೀಮು ಪಡೆದದ್ದು ಅದರಲ್ಲಿ. ಅದೇ ಹಿಟ್ಲರನ ಸರ್ಕಾರ 1938ರ ನವೆಂಬರಿನಲ್ಲಿ ಯಹೂದಿಗಳು ಯಾವ ಆಯುಧವನ್ನೂ ಇಟ್ಟುಕೊಳ್ಳಬಾರದೆಂದು ಆಜ್ಞೆ ಹೊರಡಿಸಿತು. ಯಾರಿಗೆ ಕೊಡಬೇಕು, ಯಾರಿಂದ ಕಸಿಯಬೇಕು ಎಂಬ ಪಟ್ಟಿ ಬರೆಯುವ ಕೈ ಎಲ್ಲ ಕಾಲದಲ್ಲೂ ಒಂದೇ ತರಹ ಬರೆಯುತ್ತದೆ.

ನಮ್ಮ ದೇಶದ ಈಶಾಪುರ ಕಾರ್ಖಾನೆಯ ರೈಫಲ್ಲುಗಳನ್ನು ಓದುವುದು ಇನ್ನೂ ಸುಲಭ. ಕಿರೀಟ ಮತ್ತು ಜಿ.ಆರ್.ಐ. ಎಂಬ ಅಕ್ಷರಗಳಿದ್ದರೆ ಜಾರ್ಜ್ ದೊರೆಯ ಕಾಲದ್ದು. ಕೊನೆಯ 'ಐ' ಚಕ್ರವರ್ತಿ ಎಂಬ ಪದದ ಗುರುತು. ಅಶೋಕನ ಸಿಂಹಗಳಿದ್ದರೆ ಸ್ವತಂತ್ರ ಭಾರತದ್ದು. ಸೈನ್ಯದ ದೊಡ್ಡ ಲೀ-ಎನ್‌ಫೀಲ್ಡ್ ರೈಫಲ್ಲುಗಳಿಗೆ ಸಣ್ಣ ನಳಿಗೆ ಕೂರಿಸಿ, ಎನ್.ಸಿ.ಸಿ. ಹುಡುಗರ ಕೈಗೆ ಕೊಟ್ಟರು. ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ನೆಲಕ್ಕೆ ಎದೆಯೊತ್ತಿ ಮಲಗಿ ಅಂಥದೊಂದನ್ನು ಹಿಡಿದಾಗ, ಕಣ್ಣಿನ ಹತ್ತಿರವೇ ಸವೆದ ಕಿರೀಟವೊಂದು ಕಂಡಿತ್ತು. ಹವಾಲ್ದಾರರು 'ಉಸಿರು ಹಿಡಿ' ಎಂದು ಕೂಗಿದರು. ನಾವು ಆ ಕಿರೀಟವನ್ನೇ ನೋಡುತ್ತಿದ್ದೆವು. ಐದು ಗುಂಡಿನಲ್ಲಿ ಒಂದೇ ಒಂದು ಹಲಗೆಗೆ ತಾಗಿತು.

ಇಷ್ಟೆಲ್ಲ ಓದಿದ ಮೇಲೂ ಮೋಸ ಹೋಗುವುದುಂಟು. 1920ರ ದಶಕದ ಕೊನೆಯವರೆಗೆ ತೋಟಾದ ಕಿಡಿಯ ಮದ್ದು ಉಪ್ಪಿನಂಥ ಕಿಟ್ಟ ಬಿಡುತ್ತಿತ್ತು. ಅದು ಗಾಳಿಯ ತೇವ ಹೀರಿ ನಳಿಗೆಯನ್ನು ಒಳಗೊಳಗೇ ತಿನ್ನುತ್ತಿತ್ತು. ಸಂಜೆ ಆಟ ಮುಗಿಸಿ ತೊಳೆಯದೆ ಮಲಗಿದವನ ರೈಫಲ್ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಕಂಪೆನಿ ಇದಕ್ಕೊಂದು ಮದ್ದು ಕಂಡುಹಿಡಿಯಿತು: ಹಾಳಾದ ನಳಿಗೆಯನ್ನು ಕೊರೆದು ಒಳಗೆ ಹೊಸ ಉಕ್ಕಿನ ಕೊಳವೆ ಕೂರಿಸುವುದು. ಹೊರಗೆ ತಾತ, ಒಳಗೆ ಮೊಮ್ಮಗ. ಹಾಗೆಯೇ ಆಸ್ಟ್ರೇಲಿಯಾದ ಶಾಲಾಮಕ್ಕಳ ತಾಲೀಮಿಗೆಂದು ಬಿ.ಎಸ್.ಎ. ಮತ್ತು ಗ್ರೀನರ್ ಕಂಪೆನಿಗಳು ಮಾಡಿದ ಚಿಕ್ಕ ಮಾರ್ಟಿನಿಗಳು. ಅವುಗಳ ಮೈಮೇಲೆ ಕಾಂಗರೂ ಮುದ್ರೆ. ಅವನ್ನು ಹಳೆ ಸಾಮಾನಿನಂತೆ ಮಾರಿದಾಗ ಕೊಂಡವರು ಬಹಳಷ್ಟಕ್ಕೆ ಬೇರೆ ನಳಿಗೆ ಹಾಕಿಸಿದರು. ಬಿ.ಎಸ್.ಎ.ಯೇ ತನ್ನ 12ನೇ ಮಾದರಿಯನ್ನೂ 15ನೇ ಮಾದರಿಯನ್ನೂ ಬೆರೆಸಿ 12/15 ಎಂಬ ಮಾದರಿ ಮಾಡಿತು. ಕಣ್ಣಿಗೆ ಇಡುವ ತೂತಿನ ಹಲಗೆ ಒಬ್ಬರದು, ಮರದ ಹಿಡಿ ಇನ್ನೊಬ್ಬರದು, ಯಂತ್ರ ಮತ್ತೊಬ್ಬರದು. 'ಮೂಲ ಸ್ಥಿತಿಯ' ರೈಫಲ್ಲೇ ಬೇಕೆಂದು ಹುಡುಕುವವರು ಬಹುಪಾಲು ನಿರಾಶರಾಗುತ್ತಾರೆ. ಬಹಳ ಕಾಲ ಬಳಕೆಯಲ್ಲಿದ್ದ ಯಾವುದೂ ಶುದ್ಧವಾಗಿ ಉಳಿಯುವುದಿಲ್ಲ. ಹೆಚ್ಚು ಬೆರೆತದ್ದೆಂದರೆ ಹೆಚ್ಚು ಕೈಗಳಲ್ಲಿ ಬಾಳಿದೆ ಎಂದರ್ಥ. ಬಂದೂಕಿನ ಪರಿಣತರು ಇದನ್ನು ದೋಷವೆನ್ನದೆ ಚರಿತ್ರೆ ಎನ್ನುತ್ತಾರೆ. ಮನುಷ್ಯರ ವಿಷಯದಲ್ಲೂ ನಾವು ಇಷ್ಟೇ ಉದಾರವಾಗಿದ್ದರೆ ಎಷ್ಟೊಂದು ಜಗಳ ಉಳಿಯುತ್ತಿತ್ತು!

ಹಾಗೆಂದು ಮುದ್ರೆಗಳನ್ನು ಅಳಿಸುವುದು ಉದಾರತೆಯಲ್ಲ. ನಮ್ಮ 1959ರ ಆಯುಧ ಕಾಯಿದೆಯಲ್ಲಿ ಗುರುತು ಅಳಿಸುವುದು, ತಿದ್ದುವುದು ಅಪರಾಧ. ಹಳೆಯ ಮನೆಯ ಅಟ್ಟದಲ್ಲಿ ಇಂಥದ್ದೇನಾದರೂ ಸಿಕ್ಕರೆ ಮರಳುಕಾಗದ ಹಿಡಿದು ಹೊಳಪು ಕೊಡಲು ಹೋಗಬೇಡಿ. ಮೊದಲು ಠಾಣೆಗೆ ತಿಳಿಸಿ. ಆ ತುಕ್ಕಿನ ಕೆಳಗಿರುವ ನಾಲ್ಕು ಅಕ್ಷರವೇ ಅದರ ಸಾಕ್ಷಿ.

ಬಿ.ಎಸ್.ಎ. ಕಾರ್ಖಾನೆ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಎಂಬ ಬಡಾವಣೆಯಲ್ಲಿ. 1940ರ ನವೆಂಬರ್ 19ರ ರಾತ್ರಿ ಜರ್ಮನ್ ಬಾಂಬು ಬಿದ್ದು ಅಲ್ಲಿ ದುಡಿಯುತ್ತಿದ್ದ 53 ಕಾರ್ಮಿಕರು ಸತ್ತರು. 1973ರ ಹೊತ್ತಿಗೆ ಕಂಪೆನಿಯೂ ಕುಸಿಯಿತು. ಇಂದು ಆ ಬೀದಿಗಳಲ್ಲಿ ಬದುಕುತ್ತಿರುವವರಲ್ಲಿ ಬಹಳ ಮಂದಿ ಮೀರ್‌ಪುರದಿಂದ, ಬಾಂಗ್ಲಾದಿಂದ ಹೋದ ಕುಟುಂಬಗಳವರು. ಊರಿನವರು ಪುಸ್ತಕ ಓದಲು, ಸ್ನಾನ ಮಾಡಲು ಬರುತ್ತಿದ್ದ ಗ್ರೀನ್ ಲೇನಿನ ಕೆಂಪಿಟ್ಟಿಗೆಯ ಗಡಿಯಾರದ ಕಟ್ಟಡ ಈಗ ಮಸೀದಿ. ಹೊರಗೆ ತಾತ, ಒಳಗೆ ಮೊಮ್ಮಗ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಸ್ವಪ್ನಿಲ್ ಕುಸಾಲೆ. ನಮ್ಮ ಗಡಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿದವರು. ಕೈಯಲ್ಲಿದ್ದದ್ದು ಅದೇ 5.6 ಮಿಲಿಮೀಟರಿನ ಸಣ್ಣ ನಳಿಗೆ. ರೈಲ್ವೆ ನೌಕರರಿಗೆ ಗುರಿ ಕಲಿಸಬೇಕೆಂದು ಹಂಬಲಿಸಿದ ರಾಬರ್ಟ್ಸ್, ಅದು ಯಾವ ದೇಶದ ರೈಲ್ವೆ ಎಂದು ಊಹಿಸಿರಲಾರ.

ದಾದಾ ಅವರ ಸೈಕಲ್ಲು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಹೋಗುವ ಮುನ್ನ ಅಬ್ಬಾ ಆ ಬಿಲ್ಲೆಯನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದರು. ಅದೀಗ ನಮ್ಮ ಬರೆಯುವ ಮೇಜಿನ ಮೇಲಿದೆ. ಮೂರು ಬಂದೂಕುಗಳೂ ಹಾಗೆಯೇ ನಿಂತಿವೆ, ಒಂದಕ್ಕೊಂದು ಒರಗಿ. ಒಂದನ್ನು ತೆಗೆದರೂ ಉಳಿದೆರಡು ನಿಲ್ಲಲಾರವು.