ಪಟ್ಟಿಯಲ್ಲಿ ಹೆಸರಿಲ್ಲದವರು: 1926ರ ಮಂಗಳೂರು ಚುನಾವಣೆ ಮತ್ತು ಕಮಲಾದೇವಿ

ದೇವನಹಳ್ಳಿ ತಾಲೂಕಿನ ನಮ್ಮ ಚನ್ನರಾಯಪಟ್ಟಣ ಹೋಬಳಿಯ ಹೆಸರು ಈಚಿನ ವರ್ಷಗಳಲ್ಲಿ ನಾಡಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡದ್ದು ಭೂಮಿಯ ಕಾರಣದಿಂದ. 13 ಗ್ರಾಮಗಳ 1777 ಎಕರೆ ಜಮೀನನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ 2022ರಲ್ಲಿ ಆರಂಭವಾದ ಧರಣಿ ಮೂರು ವರ್ಷಗಳಿಗೂ ಮೀರಿ ನಡೆಯಿತು. 2025ರ ಜುಲೈ 15ರಂದು ಸರಕಾರ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಆ ಧರಣಿಯಲ್ಲಿ ಬಿಸಿಲು ಮಳೆಯೆನ್ನದೆ ಕುಳಿತವರಲ್ಲಿ ಸ್ತ್ರೀಯರೂ ಇದ್ದರು. ಆದರೆ ಭೂಸ್ವಾಧೀನದ ನೋಟಿಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪರಿಹಾರದ ಮಾತು ಬಂದರೆ ಅಧಿಕಾರಿ ಕೇಳುವುದೂ ಅವರನ್ನೇ. ಹೊಲದಲ್ಲಿ ಕಳೆ ಕಿತ್ತವಳು, ಧರಣಿಯಲ್ಲಿ ಘೋಷಣೆ ಕೂಗಿದವಳು ಕಾಗದದ ಮೇಲೆ ಎಲ್ಲಿದ್ದಾಳೆ? ಈ ಪ್ರಶ್ನೆ ಹೊಸತಲ್ಲ. ನೂರು ವರ್ಷಗಳ ಹಿಂದೆ ಕನ್ನಡ ಕರಾವಳಿಯ ಓರ್ವ ಮಹಿಳೆ ಚುನಾವಣೆಗೆ ನಿಂತಾಗಲೂ ಈ ಪ್ರಶ್ನೆಯೇ ಆಕೆಯ ಎದುರಿಗಿತ್ತು. ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಂದು ಹೆಚ್ಚಿನವರು ಬಲ್ಲದ್ದು ಕರಕುಶಲ ಕಲೆಗಳ ಪೋಷಕಿಯೆಂದು. ಭಾರತದಲ್ಲಿ ಶಾಸನ ಸಭೆಯ ಚುನಾವಣಾ ಕಣಕ್ಕಿಳಿದ ಮೊದಲ ಸ್ತ್ರೀ ಎಂಬ ಅವರ ಇನ್ನೊಂದು ಪರಿಚಯ ಹಿಂದೆ ಸರಿದಿದೆ.

ಕಮಲಾದೇವಿ ಜನಿಸಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರರು ಬ್ರಿಟಿಷ್ ಆಡಳಿತದಲ್ಲಿ ಜಿಲ್ಲಾಧಿಕಾರಿ. ತಾಯಿ ಗಿರಿಜಾಬಾಯಿ ಸುಸಂಸ್ಕೃತೆ, ಓದಿನ ಹವ್ಯಾಸವುಳ್ಳವರು. ಮಗಳಿಗೆ ಏಳು ವರ್ಷವಾದಾಗ ತಂದೆ ಉಯಿಲು ಬರೆಯದೆಯೇ ತೀರಿಕೊಂಡರು. ಅಂದಿನ ಹಿಂದೂ ಕಾನೂನಿನ ಪ್ರಕಾರ ಅವರ ಅಪಾರ ಆಸ್ತಿಯೆಲ್ಲ ಮೊದಲ ಪತ್ನಿಯ ಮಗನ ಪಾಲಾಯಿತು. ವಿಧವೆಗೂ ಹೆಣ್ಣುಮಕ್ಕಳಿಗೂ ದಕ್ಕಿದ್ದು ತಿಂಗಳಿಗಿಷ್ಟೆಂಬ ಜೀವನಾಂಶದ ಭರವಸೆ ಮಾತ್ರ. ಗಿರಿಜಾಬಾಯಿ ಅದನ್ನು ಸ್ವೀಕರಿಸಲಿಲ್ಲ. ತವರಿನಿಂದ ತಮಗೆ ಬಂದಿದ್ದ ಸೊತ್ತಿನಲ್ಲೇ ಮಕ್ಕಳನ್ನು ಸಾಕಿದರು.

ನಿನ್ನೆಯವರೆಗೆ ತನ್ನದಾಗಿದ್ದ ಮನೆ ಇಂದು ತನ್ನದಲ್ಲ ಎಂಬ ಪಾಠವನ್ನು ಆ ಬಾಲಕಿ ಕಲಿತದ್ದು ಶಾಲೆಯಲ್ಲಲ್ಲ. ಹದಿನಾಲ್ಕರ ವಯಸ್ಸಿಗೆ ವಿವಾಹ, ಎರಡು ವರ್ಷ ಕಳೆಯುವ ಮೊದಲೇ ವೈಧವ್ಯ. ಆ ಕಾಲದ ಆ ಸಮಾಜದಲ್ಲಿ ಬಾಲವಿಧವೆಯ ಪಾಡೇನೆಂದು ವಿವರಿಸಬೇಕಾಗಿಲ್ಲ. ಆದರೆ ತಾಯಿ ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಓದು ಮುಂದುವರಿಯಿತು, ಮದರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಹೋದದ್ದಾಯಿತು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಸ್ನೇಹ, ಆ ಮೂಲಕ ಸಹೋದರ ಹರೀಂದ್ರನಾಥರ ಪರಿಚಯ, ಬಳಿಕ ಅವರೊಂದಿಗೆ ಮರುವಿವಾಹ. ಟೀಕಿಸಿದವರು ಬಹಳ ಮಂದಿ.

ನಮ್ಮ ಓದುಗರಲ್ಲಿ ಕೆಲವರಿಗೆ ಇಲ್ಲಿ ಒಂದು ಸಮಾಧಾನ ಹುಟ್ಟಬಹುದು. ನಮ್ಮಲ್ಲಿ ಹಾಗಿಲ್ಲವಲ್ಲ, ಪವಿತ್ರ ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ತಂದೆತಾಯಿಯರ ಸೊತ್ತಿನಲ್ಲಿ ಹೆಣ್ಣಿಗೆ ಪಾಲನ್ನು ನಿಗದಿಪಡಿಸಿದೆಯಲ್ಲ ಎಂದು. ಸೂರಃ ಅನ್ನಿಸಾದ 7ನೇ ವಚನ ಸೊತ್ತು ಸ್ವಲ್ಪವಿರಲಿ, ಹೆಚ್ಚಿರಲಿ, ಆ ಪಾಲು ಕಡ್ಡಾಯವೆಂದು ಸಾರುವುದು ನಿಜ. ಆದರೆ ಇತಿಹಾಸವನ್ನು ಪ್ರಾಮಾಣಿಕವಾಗಿ ನೋಡಬೇಕು. ಕಮಲಾದೇವಿಯವರ ಯೌವನದ ದಿನಗಳಲ್ಲಿ ಪಂಜಾಬ್ ಮೊದಲಾದ ಪ್ರಾಂತಗಳ ಅನೇಕ ಮುಸ್ಲಿಮ್ ಕುಟುಂಬಗಳು ಶರೀಅತನ್ನು ಬದಿಗಿರಿಸಿ ಊರ ರೂಢಿಯನ್ನೇ ಅನುಸರಿಸುತ್ತಿದ್ದವು. ಆ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಜಮೀನು ಇರಲಿಲ್ಲ. ಇದನ್ನು ಖಂಡಿಸಿದವರಲ್ಲಿ ಮುಸ್ಲಿಮ್ ಮಹಿಳಾ ಸಂಘಟನೆಗಳೂ ಉಲಮಾಗಳೂ ಇದ್ದರು. ಅದರ ಫಲವಾಗಿ ಬಂದ 1937ರ ಶರೀಅತ್ ಅನ್ವಯ ಕಾಯ್ದೆ ಕೂಡ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ರೈತ ಕುಟುಂಬದ ಸೊತ್ತೆಂದರೆ ಮುಖ್ಯವಾಗಿ ಭೂಮಿಯೇ ತಾನೆ?

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ದಾದಾ ತೀರಿಕೊಂಡಾಗ ಪೌತಿ ಖಾತೆಗೆ ಅರ್ಜಿ ಹಾಕುವ ಮುನ್ನ ವಂಶವೃಕ್ಷದಲ್ಲಿ ಇಬ್ಬರು ಫುಪ್ಪುಗಳ ಹೆಸರನ್ನೂ ಬರೆಯಲಾಗಿತ್ತು. ಅದಾದ ಮೇಲೆ ಊಟ ಬಡಿಸಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಇಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಲಾಯಿತು. ಯಾರೂ ಗದರಿಸಲಿಲ್ಲ. ಗದರಿಸುವ ಅಗತ್ಯವೇ ಬೀಳಲಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬುದು ಅವರಿಗೆ ಗೊತ್ತಿತ್ತು.

ಆಸ್ತಿಗೂ ರಾಜಕಾರಣಕ್ಕೂ ಏನು ನಂಟು? ಬ್ರಿಟಿಷರ ಕಾಲದಲ್ಲಿ ಅದು ನೇರವಾದ ನಂಟು. ಮತ ಎಲ್ಲರಿಗೂ ಇದ್ದ ಹಕ್ಕಲ್ಲ. ಭೂಕಂದಾಯ, ಮನೆ ತೆರಿಗೆ, ಆದಾಯ ತೆರಿಗೆ ಇಂತಿಷ್ಟು ಕಟ್ಟುವವರ ಹೆಸರು ಮಾತ್ರ ಮತದಾರರ ಪಟ್ಟಿಗೆ ಸೇರುತ್ತಿತ್ತು. 1917ರ ಡಿಸೆಂಬರಿನಲ್ಲಿ ಭಾರತ ಸಚಿವ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನಿ ನಾಯ್ಡು ನೇತೃತ್ವದ ಮಹಿಳಾ ನಿಯೋಗ ಸ್ತ್ರೀಯರಿಗೂ ಪುರುಷರಂತೆಯೇ ಮತಾಧಿಕಾರ ಬೇಕೆಂದು ಕೇಳಿತು. ಆ ನಿಯೋಗದಲ್ಲಿ ಸ್ವಾತಂತ್ರ್ಯ ಯೋಧ ಹಸ್ರತ್ ಮೊಹಾನಿಯವರ ಪತ್ನಿ ನಿಶಾತುನ್ನಿಸಾ ಬೇಗಂ ಇದ್ದರು. ನಿಯೋಗದ ಹಿಂದಿನ ಶ್ರಮ ಐರಿಷ್ ಮೂಲದ ಮಾರ್ಗರೆಟ್ ಕಸಿನ್ಸ್ ಅವರದು. ಮುಂದೆ 1919-20ರಲ್ಲಿ ಅವರು ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾದರು. 1921ರಲ್ಲಿ ಮದರಾಸು ಪ್ರಾಂತ ಸ್ತ್ರೀಯರಿಗೆ ಮತ ನೀಡಿತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಇದೇ ಮೊದಲನೆಯದು. ಆದರೆ ಶರತ್ತು ಪುರುಷರಿಗಿದ್ದುದೇ: ಸ್ವಂತ ಹೆಸರಿನಲ್ಲಿ ಆಸ್ತಿಯಿರಬೇಕು, ತೆರಿಗೆ ಕಟ್ಟುತ್ತಿರಬೇಕು. ಬಾಗಿಲು ತೆರೆದದ್ದು ಹೌದು, ಆದರೆ ಹೊಸಿಲು ದಾಟಲು ಬೇಕಾದದ್ದು ಗಿರಿಜಾಬಾಯಿಯಂಥವರ ಬಳಿ ಇರಲಿಲ್ಲ.

ದಕ್ಷಿಣ ಕನ್ನಡದ ಸಂಗತಿ ಸ್ವಲ್ಪ ಬೇರೆ. ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳ ಅಳಿಯಸಂತಾನ ಪದ್ಧತಿಯಲ್ಲಿ ಸೊತ್ತು ಹೆಣ್ಣಿನ ಬಳ್ಳಿಯಲ್ಲೇ ಇಳಿದು ಬರುತ್ತಿತ್ತು. ಗಡಿಯಾಚೆ ಉತ್ತರ ಮಲಬಾರಿನ ಕೆಲವು ಮಾಪಿಳ್ಳೆ ಮುಸ್ಲಿಮ್ ತರವಾಡುಗಳಲ್ಲೂ ಮಾತೃಮೂಲ ರೂಢಿಯಿತ್ತು. ಆದರೂ ಆಡಳಿತ ಸಾಮಾನ್ಯವಾಗಿ ಯಜಮಾನನದು, ಅಂದರೆ ಸೋದರಮಾವನದು. ಬಳ್ಳಿ ಹೆಣ್ಣಿನದಾದರೂ ಚಪ್ಪರ ಗಂಡಸಿನದು.

ಮತ ನೀಡುವ ಹಕ್ಕು ಬಂದರೂ ಸಭೆಯಲ್ಲಿ ಕೂರುವ ಹಕ್ಕು ಸ್ತ್ರೀಯರಿಗೆ ಬರಲು 1926ರವರೆಗೆ ಕಾಯಬೇಕಾಯಿತು. ಆ ವರ್ಷದ ಮದರಾಸು ಶಾಸನ ಪರಿಷತ್ತಿನ ಚುನಾವಣೆಗೆ ಕಮಲಾದೇವಿ ನಿಲ್ಲಬೇಕೆಂದು ಒತ್ತಾಯಿಸಿದವರು ಮಾರ್ಗರೆಟ್ ಕಸಿನ್ಸ್. ಕಮಲಾದೇವಿಗೆ ಆಗ 23 ವರ್ಷ. ಹಣವಿಲ್ಲ, ಬೆನ್ನಿಗೆ ನಿಲ್ಲುವ ಪಕ್ಷವಿಲ್ಲ, ಪ್ರಚಾರಕ್ಕೆ ಉಳಿದಿದ್ದದ್ದು ಕೆಲವೇ ದಿನಗಳು. ಹೆಣ್ಣೊಬ್ಬಳು ಊರೂರು ತಿರುಗಿ ಮತ ಕೇಳುವುದನ್ನು ಆ ಜಿಲ್ಲೆ ಹಿಂದೆ ನೋಡಿರಲಿಲ್ಲ. ಫಲಿತಾಂಶ ಬಂದಾಗ ಅವರು ಸೋತಿದ್ದರು, ಕೇವಲ 55 ಮತಗಳಿಂದ.

ಈ 55ರ ಸಂಖ್ಯೆಯನ್ನು ಬರೆದವರೆಲ್ಲರೂ ಇದು ಗೆಲುವಿನಂಥ ಸೋಲೆಂದು ಬಣ್ಣಿಸುತ್ತಾರೆ. ನನಗೆ ಆ ಮಾತು ಪೂರ್ಣ ಒಪ್ಪಿಗೆಯಾಗದು. ಆಸ್ತಿಯಿಲ್ಲದ ಕಾರಣ ಪಟ್ಟಿಯಿಂದ ಹೊರಗುಳಿದ ಸ್ತ್ರೀಯರೆಷ್ಟೋ ಸಾವಿರ ಮಂದಿ ಆ ಜಿಲ್ಲೆಯಲ್ಲಿದ್ದರು. ಅಭ್ಯರ್ಥಿಯನ್ನು ಸೋಲಿಸಿದ್ದು ಎದುರಾಳಿಗಿಂತ ಹೆಚ್ಚಾಗಿ ಆ ಪಟ್ಟಿ ಎನ್ನಬೇಕಾಗುತ್ತದೆ. ಸರಕಾರ ಬಳಿಕ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಅದೇ ಪರಿಷತ್ತಿಗೆ ನಾಮಕರಣ ಮಾಡಿತು. ಅವರು ಉಪಾಧ್ಯಕ್ಷೆಯೂ ಆಗಿ ದೊಡ್ಡ ಕಾರ್ಯಗಳನ್ನು ಮಾಡಿದರು. ಆದರೆ ನಾಮಕರಣವೆಂದರೆ ಮೇಲಿನವರು ಕೊಟ್ಟದ್ದು. ಕಮಲಾದೇವಿ ಕೇಳಿದ್ದು ಕೆಳಗಿನವರಿಂದ.

ಮರುವರ್ಷ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿಕೊಂಡಿತು. ಕಮಲಾದೇವಿ ಅದರ ಮೊದಲ ಸಂಘಟನಾ ಕಾರ್ಯದರ್ಶಿಯಾದರು. 1928ರಲ್ಲಿ ದೆಹಲಿಯಲ್ಲಿ ನಡೆದ ಎರಡನೆಯ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಭೋಪಾಲದ ಸುಲ್ತಾನ್ ಜಹಾನ್ ಬೇಗಂ. ಕಾಲು ಶತಮಾನ ಒಂದು ಸಂಸ್ಥಾನವನ್ನಾಳಿ ಮಗನಿಗೆ ಅಧಿಕಾರ ಬಿಟ್ಟುಕೊಟ್ಟಿದ್ದವರು, ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿ. ಕರಾವಳಿಯ ಆಸ್ತಿಹೀನ ವಿಧವೆಯ ಮಗಳೂ ಸಿಂಹಾಸನವೇರಿದ ಬೇಗಮರೂ ಒಂದೇ ಸಂಘಟನೆಯಲ್ಲಿದ್ದ ಕಾಲವದು.

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ತಮ್ಮೊಂದಿಗೆ ದಂಡಿಗೆ ನಡೆಯಲು ಆರಿಸಿದ್ದು ಪುರುಷರನ್ನು ಮಾತ್ರ. ಇದನ್ನು ಒಪ್ಪದ ಕಮಲಾದೇವಿ ಅವರನ್ನು ನೇರವಾಗಿ ಕಂಡು ವಾದಿಸಿದರು. ಮುಂಬಯಿಯ ಕಡಲ ತೀರದಲ್ಲಿ ಉಪ್ಪು ತಯಾರಿಸಿದ ತಂಡದಲ್ಲಿ ಅವರಿದ್ದರು. ಹೈಕೋರ್ಟಿನೊಳಗೆ ಹೋಗಿ ಮ್ಯಾಜಿಸ್ಟ್ರೇಟರನ್ನೇ ಈ ಸ್ವಾತಂತ್ರ್ಯದ ಉಪ್ಪು ಕೊಳ್ಳುವಿರಾ ಎಂದು ಕೇಳಿದ ಪ್ರಸಂಗ ಪ್ರಸಿದ್ಧ. ಸೆರೆವಾಸ ಬಂತು, ಮತ್ತೆ ಮತ್ತೆ ಬಂತು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು.

ಈ ನಡುವೆ ಮತದ ಪ್ರಶ್ನೆಯ ಮೇಲೆ ಮಹಿಳಾ ನಾಯಕಿಯರಲ್ಲೇ ಭಿನ್ನಾಭಿಪ್ರಾಯ ಮೂಡಿತು. ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದ ಲಾಹೋರಿನ ಬೇಗಂ ಜಹಾನಾರಾ ಶಾನವಾಝ್ ಮತ್ತು ರಾಧಾಬಾಯಿ ಸುಬ್ಬರಾಯನ್ ಸ್ತ್ರೀಯರಿಗೆ ವಿಶೇಷ ಅವಕಾಶ ಬೇಕೆಂದರು. ಮಹಿಳಾ ಸಮ್ಮೇಳನ ಕೇಳಿದ್ದು ವಯಸ್ಕರೆಲ್ಲರಿಗೂ ಮತ, ಯಾವ ರಿಯಾಯಿತಿಯೂ ಬೇಡವೆಂದು. ಎರಡೂ ಕಡೆ ನ್ಯಾಯವಿತ್ತು ಎಂದೇ ನನ್ನ ಭಾವನೆ. ಬ್ರಿಟಿಷರು 1935ರ ಕಾಯ್ದೆಯಲ್ಲಿ ಮಾಡಿದ್ದಾದರೂ ಏನು? ಅಕ್ಷರ ಬಲ್ಲವಳಿಗೆ ಮತ, ಆಸ್ತಿಯುಳ್ಳವನ ಪತ್ನಿಗೆ ಮತ. ಹೆಣ್ಣಿನ ನಾಗರಿಕತ್ವ ಗಂಡನ ಪಹಣಿಗೆ ಜೋತುಬಿತ್ತು.

ಇಂಥ ಕತೆ ನಮ್ಮ ದೇಶದ್ದು ಮಾತ್ರವಲ್ಲ. ಬ್ರಿಟಿಷರೇ ಆಳಿದ ನೈಜೀರಿಯಾದ ಪೂರ್ವ ಭಾಗದಲ್ಲಿ ಸ್ತ್ರೀಯರಿಗೆ ಮತ ದೊರೆತದ್ದು 1954ರಲ್ಲಿ, ಪಶ್ಚಿಮದಲ್ಲಿ 1959ರಲ್ಲಿ. ಮುಸ್ಲಿಮ್ ಬಾಹುಳ್ಯದ ಉತ್ತರ ಭಾಗದಲ್ಲಿ ಅದು ಬಂದದ್ದು ಸ್ವಾತಂತ್ರ್ಯದ ಎಷ್ಟೋ ವರ್ಷಗಳ ಬಳಿಕ, 1976ರಲ್ಲಿ. ಅಲ್ಲಿ ಈ ಹಕ್ಕಿಗಾಗಿ ಹೋರಾಡಿ ಹಲವು ಬಾರಿ ಸೆರೆಮನೆ ಕಂಡವರು 1933ರಲ್ಲಿ ಜನಿಸಿದ ಹಾಜಿಯಾ ಗಂಬೊ ಸವಾಬಾ. ಅವರ ಹೆಸರಿಗೆ ಸೇರಿಕೊಂಡ 'ಸವಾಬಾ' ಎಂಬುದು ಹೌಸಾ ಭಾಷೆಯಲ್ಲಿ ವಿಮೋಚನೆ ಎಂಬರ್ಥದ ಪದ. ಹೆಣ್ಣು ರಾಜಕಾರಣಕ್ಕೆ ಬರಬಾರದೆಂದು ಧರ್ಮದ ಹೆಸರು ಹೇಳಿದವರಿಗೆ, ಅದೇ ನಾಡಿನಲ್ಲಿ ಒಂದೂವರೆ ಶತಮಾನದ ಹಿಂದೆ ಸ್ತ್ರೀಶಿಕ್ಷಣದ ಜಾಲವನ್ನೇ ಕಟ್ಟಿದ ವಿದುಷಿ ನಾನಾ ಅಸ್ಮಾಉ ನೆನಪಾಗಲಿಲ್ಲ. ಅಕಬಾದ ಎರಡನೆಯ ಪ್ರತಿಜ್ಞೆಯಲ್ಲಿ ಪ್ರವಾದಿವರ್ಯರಿಗೆ(ಸ) ನಿಷ್ಠೆಯ ವಚನವಿತ್ತವರಲ್ಲಿ ನುಸೈಬಾ ಬಿಂತ್ ಕಅಬ್(ರ) ಮತ್ತು ಅಸ್ಮಾ ಬಿಂತ್ ಅಮ್ರ್(ರ) ಎಂಬ ಇಬ್ಬರು ಮಹಿಳೆಯರಿದ್ದರೆಂಬುದೂ ನೆನಪಾಗಲಿಲ್ಲ.

ಸ್ವಾತಂತ್ರ್ಯಾನಂತರ ಕಮಲಾದೇವಿ ಮಂತ್ರಿಗಿರಿಯ ಕಡೆ ಹೋಗಲಿಲ್ಲ. ವಿಭಜನೆಯ ನಿರಾಶ್ರಿತರಿಗಾಗಿ ಸಹಕಾರ ಸಂಘಗಳನ್ನು ಕಟ್ಟಿದರು, ಫರೀದಾಬಾದ್ ಪಟ್ಟಣ ಎದ್ದು ನಿಲ್ಲಲು ದುಡಿದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ದೀರ್ಘಕಾಲ ನಡೆಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ನಿಧನ ಹೊಂದಿದರು. ಅವರ ತಾಯಿಯಂತೆ ಬರಿಗೈಯಾಗುವ ಹೆಣ್ಣುಮಕ್ಕಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕಾನೂನಿನ ಆಸರೆ ನೀಡಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ದೇಶಾದ್ಯಂತ ಬಂದದ್ದು 2005ರಲ್ಲಿ.

ಸಂವಿಧಾನ ವಯಸ್ಕರೆಲ್ಲರಿಗೂ ಮತ ನೀಡಿತು, ಆಸ್ತಿಯ ಶರತ್ತು ಹೋಯಿತು. 1951-52ರ ಮೊದಲ ಮಹಾ ಚುನಾವಣೆಗೆ ಅಧಿಕಾರಿಗಳು ಪಟ್ಟಿ ತಯಾರಿಸಲು ಮನೆಮನೆಗೆ ಹೋದರು. ವಿಶೇಷವಾಗಿ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಸ್ತ್ರೀಯರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಪತ್ನಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರನ್ನು ತಿಳಿಸದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಕೈಬಿಡಲಾಯಿತು.

ನಮ್ಮ ಇಬ್ಬರು ಫುಪ್ಪುಗಳಲ್ಲಿ ಹಿರಿಯವರು ಈಗಿಲ್ಲ. ಕಿರಿಯವರಿಗೆ ಎಂಬತ್ತು ದಾಟಿದೆ. ಪ್ರತಿ ಚುನಾವಣೆಯಲ್ಲೂ ತಪ್ಪದೆ ಮತ ಹಾಕುತ್ತಾರೆ, ಚೀಟಿಯಲ್ಲಿ ತಮ್ಮ ಹೆಸರನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಳ್ಳುತ್ತಾರೆ. ಹಕ್ಕು ಬಿಡುಗಡೆ ಪತ್ರದ ನಕಲು ಅಬ್ಬಾ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕಳೆದ ರಮಝಾನಿನಲ್ಲಿ ನಾವು ಸಹೋದರರು ಅದನ್ನು ತೆಗೆದು ಓದಿದೆವು. ಫುಪ್ಪುವಿನ ಪಾಲಿಗೆ ಬರಬೇಕಾಗಿದ್ದ ಜಾಗವನ್ನು ಹೆಜ್ಜೆ ಹಾಕಿ ಅಳೆದೂ ನೋಡಿದೆವು. ನೋಂದಣಿಗೆ ಏನೇನು ಕಾಗದ ಬೇಕೆಂದು ವಿಚಾರಿಸಿ ಬಂದಿದ್ದೇವೆ. ಅಬ್ಬಾ ಇನ್ನೂ ಹೂಂ ಎಂದಿಲ್ಲ.