ಅಲ್ ಖಲೀಲ್‌ನ ಸಾಕ್ಷಿಗಳು

ಸಾಕ್ಷ್ಯವನ್ನು ಬಚ್ಚಿಡಬಾರದು ಎಂಬ ಮಾತು ನಮ್ಮ ಜುಮಾ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಸೂರಾ ಅಲ್ ಬಖರದ 283ನೇ ವಚನ, ಸೂರಾ ಅನ್ನಿಸಾದ 135ನೇ ವಚನಗಳನ್ನು ಖತೀಬರು ವಿವರಿಸುತ್ತಾರೆ. ಸ್ವಂತ ಹೆತ್ತವರಿಗೆ, ಬಂಧುಗಳಿಗೆ, ತನಗೇ ವಿರುದ್ಧವಾದರೂ ಸತ್ಯವನ್ನೇ ಹೇಳಬೇಕೆಂಬುದು ಅದರ ತಾತ್ಪರ್ಯ. ಅದನ್ನು ಕೇಳುವಾಗ ನಮ್ಮ ಮನಸ್ಸಿಗೆ ಬರುವುದು ಜಮೀನಿನ ತಗಾದೆ, ಸಾಲದ ಪತ್ರ, ಹೆಚ್ಚೆಂದರೆ ನಿಕಾಹ್‌ನ ಸಾಕ್ಷಿಗಳು. ಆದರೆ ನಮ್ಮದೇ ಕಾಲದಲ್ಲಿ ಕೇವಲ ಸಾಕ್ಷಿಯಾಗಿ ನಿಲ್ಲುವುದಕ್ಕೆಂದೇ ಜನರು ದೂರದೂರದಿಂದ ಒಂದು ಪಟ್ಟಣಕ್ಕೆ ಬಂದರು. ಕೈಯಲ್ಲಿ ಆಯುಧವಿಲ್ಲದೆ, ನೋಟ್‌ಬುಕ್ಕು, ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಅಲ್ಲಿನ ಬೀದಿಗಳಲ್ಲಿ ನಡೆದರು. ಆ ಪಟ್ಟಣ ಪ್ರವಾದಿ ಇಬ್ರಾಹೀಮ್(ಅ)ರ ಹೆಸರಿನ ಅಲ್ ಖಲೀಲ್. ಪತ್ರಿಕೆಗಳಲ್ಲಿ ನಾವು ಹೆಬ್ರಾನ್ ಎಂದು ಓದುವ ಊರು.

1994ರ ಫೆಬ್ರವರಿ 25, ರಮಝಾನಿನ ನಡುಭಾಗದ ಶುಕ್ರವಾರ. ಇಬ್ರಾಹೀಮಿ ಮಸೀದಿಯಲ್ಲಿ ಫಜ್ರ್ ನಮಾಝ್‌ಗೆ ನೂರಾರು ಮಂದಿ ಸೇರಿದ್ದರು. ಪಕ್ಕದ ಕಿರ್ಯಾತ್ ಅರ್ಬಾ ಎಂಬ ಯಹೂದಿ ವಸಾಹತಿನ ನಿವಾಸಿ, ಅಮೆರಿಕದಲ್ಲಿ ಹುಟ್ಟಿದ ವೈದ್ಯ ಬರೂಕ್ ಗೋಲ್ಡ್‌ಸ್ಟೈನ್, ಸೈನ್ಯದ ಸಮವಸ್ತ್ರ ಧರಿಸಿ ಒಳಬಂದು ನಮಾಝ್‌ನಲ್ಲಿದ್ದವರ ಬೆನ್ನಿಗೆ ಗುಂಡು ಹಾರಿಸಿದ. 29 ಮಂದಿ ಶಹೀದರಾದರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಬದುಕುಳಿದವರು ಅವನನ್ನು ಅಲ್ಲೇ ಹೊಡೆದು ಕೊಂದರು. ಕೊಂದವನು ವಸಾಹತುಗಾರ, ಕರ್ಫ್ಯೂ ಬಿದ್ದದ್ದು ಮಾತ್ರ ಸತ್ತವರ ಮನೆಯವರ ಮೇಲೆ. ತಿಂಗಳುಗಟ್ಟಲೆ ಮುಚ್ಚಿದ್ದ ಮಸೀದಿಯನ್ನು ಅದೇ ವರ್ಷ ನವೆಂಬರ್‌ನಲ್ಲಿ ತೆರೆದಾಗ ಅದು ಎರಡು ಪಾಲಾಗಿತ್ತು. ಇಂದಿಗೂ ಮುಸ್ಲಿಮರಿಗೆ ಇಡೀ ಕಟ್ಟಡ ದೊರೆಯುವುದು ವರ್ಷದಲ್ಲಿ ಹತ್ತು ದಿನ ಮಾತ್ರ. ಉಳಿದ ದಿನಗಳಲ್ಲಿ ಕಬ್ಬಿಣದ ಗೇಟು, ಲೋಹ ಪತ್ತೆ ಯಂತ್ರ ದಾಟಿ ಸೈನಿಕನಿಗೆ ಗುರುತಿನ ಚೀಟಿ ತೋರಿಸಿಯೇ ನಮಾಝ್‌ಗೆ ಹೋಗಬೇಕು.

ಈ ಹತ್ಯಾಕಾಂಡದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 904ನೇ ಗೊತ್ತುವಳಿಯಲ್ಲಿ ಫೆಲೆಸ್ತೀನಿಯರ ರಕ್ಷಣೆಗಾಗಿ ತಾತ್ಕಾಲಿಕವಾಗಿ ಹೊರಗಿನ ಜನರ ಉಪಸ್ಥಿತಿ ಬೇಕೆಂದಿತು. ಅದರಂತೆ ಒಂದು ವೀಕ್ಷಕ ದಳ 1994ರಲ್ಲಿ ಮೂರು ತಿಂಗಳು ಇದ್ದು ಹಿಂದಿರುಗಿತು. 1997ರ ಹೆಬ್ರಾನ್ ಒಪ್ಪಂದದಲ್ಲಿ ಪಟ್ಟಣವೇ ಇಬ್ಭಾಗವಾದಾಗ ದಳ ಮತ್ತೆ ಬಂತು. ಸುಮಾರು 80 ಶೇಕಡಾ ಭಾಗ ಫೆಲೆಸ್ತೀನ್ ಆಡಳಿತಕ್ಕೆ ಹೋಯಿತು. ಹಳೆಯ ಪೇಟೆಯೂ ಮಸೀದಿಯೂ ಸೇರಿದ ಉಳಿದ 20 ಶೇಕಡಾ ಇಸ್ರೇಲ್ ಸೈನ್ಯದ ಕೈಯಲ್ಲಿ ಉಳಿಯಿತು. ಅಲ್ಲಿನ ಕೆಲವು ನೂರು ವಸಾಹತುಗಾರರಿಗಾಗಿ 30 ಸಾವಿರಕ್ಕೂ ಹೆಚ್ಚು ಫೆಲೆಸ್ತೀನಿಯರ ಬದುಕು ಬೇಲಿಯೊಳಗೆ ಸೇರಿತು. ವೀಕ್ಷಕರನ್ನು ಕಳುಹಿಸಿದ್ದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಇಟಲಿ, ಸ್ವಿಟ್ಜರ್ಲೆಂಡ್ ಮತ್ತು ತುರ್ಕಿ.

ಇವರು ಸರಕಾರಗಳು ಕಳುಹಿಸಿದ ಜನ. ಯಾರನ್ನೂ ಬಂಧಿಸುವ, ತಡೆಯುವ ಅಧಿಕಾರ ಇವರಿಗಿರಲಿಲ್ಲ. ನೋಡಬೇಕು, ಬರೆಯಬೇಕು, ಅಷ್ಟೆ. ಬರೆದದ್ದು ಇಸ್ರೇಲ್‌ಗೆ, ಫೆಲೆಸ್ತೀನ್ ಆಡಳಿತಕ್ಕೆ ಮತ್ತು ತಮ್ಮ ಆರು ಸರಕಾರಗಳಿಗೆ ಮಾತ್ರ ಹೋಗಬೇಕು. ಪತ್ರಿಕೆಗಳಿಗೆ ಕೊಡುವಂತಿಲ್ಲ. ಎರಡು ದಶಕಗಳಲ್ಲಿ 40 ಸಾವಿರಕ್ಕೂ ಹೆಚ್ಚು ಘಟನಾ ವರದಿಗಳು ಸಂಗ್ರಹವಾದವು. ಅದೇ ಅವಧಿಯಲ್ಲಿ ಪಟ್ಟಣದ ಮುಖ್ಯ ಪೇಟೆಯಾಗಿದ್ದ ಶುಹದಾ ಬೀದಿ ಫೆಲೆಸ್ತೀನಿಯರ ವಾಹನಗಳಿಗೆ ಮುಚ್ಚಿತು, ನಂತರ ಬಹುಭಾಗ ಅವರ ಕಾಲ್ನಡಿಗೆಗೂ ಮುಚ್ಚಿತು. ಇಸ್ರೇಲ್‌ನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ 2007ರಲ್ಲಿ ಎಣಿಸಿದಾಗ ಪಟ್ಟಣದ ಆ ನಡುಭಾಗದಲ್ಲಿ 1,829 ಅಂಗಡಿಗಳು ಮುಚ್ಚಿದ್ದವು, ಸಾವಿರಕ್ಕೂ ಹೆಚ್ಚು ಮನೆಗಳು ಖಾಲಿಯಾಗಿದ್ದವು. ಈ ಲೆಕ್ಕ ನಮಗೆ ಗೊತ್ತಿರುವುದು ಬೆತ್ಸೆಲೆಮ್ ಅದನ್ನು ಪ್ರಕಟಿಸಿದ್ದರಿಂದ. ವೀಕ್ಷಕ ದಳ ಏನು ಕಂಡಿತ್ತೆಂಬುದು ಕಡತದಲ್ಲೇ ಉಳಿಯಿತು. ಸಾಕ್ಷಿ ನಿಂತವನು ಸಾಕ್ಷ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅದನ್ನು ಏನೆಂದು ಕರೆಯಬೇಕು? ಆ ಜನರ ಪ್ರಾಮಾಣಿಕತೆಯ ಬಗ್ಗೆ ನಮಗೆ ಸಂಶಯವಿಲ್ಲ. ತಪ್ಪು ಇದ್ದದ್ದು ಒಪ್ಪಂದದ ಷರತ್ತಿನಲ್ಲೇ.

ಇಲ್ಲಿ ನಮಗೆ ಹಿತವಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 2002ರ ಮಾರ್ಚ್‌ನಲ್ಲಿ ಅಲ್ ಖಲೀಲ್ ಸಮೀಪದ ರಸ್ತೆಯಲ್ಲಿ ಈ ದಳದ ವಾಹನದ ಮೇಲೆ ಗುಂಡಿನ ದಾಳಿ ನಡೆದು ತುರ್ಕಿಯ ಒಬ್ಬ ಅಧಿಕಾರಿ ಮತ್ತು ಸ್ವಿಟ್ಜರ್ಲೆಂಡಿನ ಒಬ್ಬ ಮಹಿಳೆ ಮೃತಪಟ್ಟರು. ಗುಂಡು ಹಾರಿಸಿದವನು ಫೆಲೆಸ್ತೀನಿ ಎಂದು ಗಾಯಗೊಂಡು ಬದುಕುಳಿದ ಇನ್ನೊಬ್ಬ ತುರ್ಕಿ ಅಧಿಕಾರಿ ಹೇಳಿದರು. ಫೆಲೆಸ್ತೀನಿಯರ ಪರವಾಗಿ ನೋಡಲು ಬಂದವರು ಹಾಗೆ ಸತ್ತರು. ಅನ್ನಿಸಾದ 135ನೇ ವಚನವನ್ನು ಇನ್ನೊಬ್ಬರಿಗೆ ಓದಿ ಹೇಳುವ ಮೊದಲು ನಾವು ಇದನ್ನು ಮುಚ್ಚಿಡದೆ ಬರೆಯಬೇಕಾಗಿದೆ.

ಸರಕಾರ ಕಳುಹಿಸದೆ ತಾವಾಗಿಯೇ ಬಂದವರ ಕಥೆ ಬೇರೆ. ಕ್ರೈಸ್ತ ಶಾಂತಿ ತಂಡವೊಂದು 1995ರಿಂದಲೇ ಅಲ್ ಖಲೀಲ್‌ನ ಹಳೆಯ ಪೇಟೆಯಲ್ಲಿ ಮನೆ ಮಾಡಿತ್ತು. 2004ರಲ್ಲಿ ಅದು ದಕ್ಷಿಣದ ಗುಡ್ಡಗಾಡಿನ ಅತ್ತುವಾನಿ ಎಂಬ ಹಳ್ಳಿಗೂ ಹೋಯಿತು. ಅತ್ತುವಾನಿಯ ಶಾಲೆಗೆ ತೂಬಾ ಎಂಬ ಪುಟ್ಟ ಹಳ್ಳಿಯಿಂದ ಬರುವ ಮಕ್ಕಳು ಮಾಓನ್ ವಸಾಹತಿನ ಪಕ್ಕದ ದಾರಿಯಲ್ಲೇ ನಡೆಯಬೇಕಿತ್ತು. ಅಲ್ಲಿ ಕಲ್ಲು ಬೀಳುತ್ತಿತ್ತು, ಹೊಡೆತ ಬೀಳುತ್ತಿತ್ತು. ಸ್ವಯಂಸೇವಕರು ಮಕ್ಕಳ ಜೊತೆ ನಡೆಯತೊಡಗಿದರು. ಆ ಸೆಪ್ಟೆಂಬರ್‌ನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಬಂದು ಇಬ್ಬರು ಸ್ವಯಂಸೇವಕರನ್ನು ಆಸ್ಪತ್ರೆ ಸೇರುವಂತೆ ಥಳಿಸಿದರು. ಹೊಡೆತ ತಿಂದವರು ಅಮೆರಿಕನ್ನರು, ಹಾಗಾಗಿ ಸುದ್ದಿಯಾಯಿತು. ಇಸ್ರೇಲ್ ಸಂಸತ್ತಿನ ಸಮಿತಿಯೊಂದರವರೆಗೆ ವಿಷಯ ಹೋಗಿ, ಆ ಮಕ್ಕಳಿಗೆ ಸೈನ್ಯದ ಜೀಪಿನ ಬೆಂಗಾವಲು ಕೊಡಬೇಕೆಂದು ತೀರ್ಮಾನವಾಯಿತು. ಆಕ್ರಮಿಸಿದ ಸೈನ್ಯವೇ ಆಕ್ರಮಿತರ ಮಕ್ಕಳನ್ನು ತನ್ನದೇ ವಸಾಹತುಗಾರರಿಂದ ಕಾಯುತ್ತಾ ಶಾಲೆಗೆ ಬಿಡುವ ಏರ್ಪಾಡು ಅದು. ಸ್ವಯಂಸೇವಕರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಬೆಳಗ್ಗೆ ಜೀಪು ಎಷ್ಟು ಗಂಟೆಗೆ ಬಂತು, ತಡವಾಯಿತೇ, ದಾರಿಯ ಕೊನೆಯವರೆಗೆ ಜೊತೆಗಿತ್ತೇ, ಮಕ್ಕಳಿಗೆ ಮೊದಲ ಪಾಠ ತಪ್ಪಿತೇ ಎಂದು ವರ್ಷಗಟ್ಟಲೆ ದಿನವಹಿ ಬರೆದಿಟ್ಟರು, ಪ್ರಕಟಿಸಿದರು.

ನಾಬ್ಲುಸ್ ಹತ್ತಿರದ ಯಾನೂನ್ ಹಳ್ಳಿಯದ್ದೂ ಇಂಥದೇ ಕಥೆ. ಗುಡ್ಡದ ಮೇಲಿನ ವಸಾಹತುಗಾರರ ಕಾಟ ತಾಳಲಾರದೆ 2002ರ ಅಕ್ಟೋಬರ್‌ನಲ್ಲಿ ಅಲ್ಲಿನ ಕುಟುಂಬಗಳು ಸಾಮಾನು ಕಟ್ಟಿಕೊಂಡು ಪಕ್ಕದ ಅಖ್ರಬಾಕ್ಕೆ ಹೊರಟುಹೋದವು. ಊರು ಖಾಲಿಯಾಯಿತು. ಆಗ ಇಸ್ರೇಲಿ ಮತ್ತು ವಿದೇಶಿ ಸ್ವಯಂಸೇವಕರು ಆ ಖಾಲಿ ಹಳ್ಳಿಗೆ ಹೋಗಿ ಉಳಿದುಕೊಂಡರು. ಹೊರಗಿನವರ ಕಣ್ಣಿದೆ ಎಂಬ ಧೈರ್ಯದಲ್ಲಿ ಮನೆಯವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಮುಂದೆ ಚರ್ಚುಗಳ ಜಾಗತಿಕ ಒಕ್ಕೂಟ ನಡೆಸುವ ಸ್ವಯಂಸೇವಕರ ತಂಡ ಅಲ್ಲಿ ಮನೆ ಹಿಡಿದು, ವರ್ಷಗಟ್ಟಲೆ ಸರದಿಯಂತೆ ವಾಸವಿತ್ತು. ಜೆರುಸಲೇಮಿನ ಚರ್ಚುಗಳ ಮುಖಂಡರ ಕರೆಗೆ ಓಗೊಟ್ಟು 2002ರಲ್ಲಿ ಆರಂಭವಾದ ಯೋಜನೆ ಇದು. ಬಂದವರು ಮೂರು ತಿಂಗಳಿದ್ದು ಹೋಗುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ.

ಇದೇ ತಂಡದವರು ಬೆತ್ಲೆಹೇಮಿನ 300ನೇ ನಂಬರಿನ ಚೆಕ್‌ಪೋಸ್ಟ್‌ನಲ್ಲೂ ನಿಲ್ಲುತ್ತಿದ್ದರು. ಜೆರುಸಲೇಮಿಗೆ, ಇಸ್ರೇಲ್‌ಗೆ ಕೂಲಿಗೆ ಹೋಗುವ ಗಂಡಸರು ಬೆಳಗಿನ ಜಾವ ಮೂರು ನಾಲ್ಕು ಗಂಟೆಗೇ ಅಲ್ಲಿಗೆ ಬಂದು ಕಂಬಿಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಸಾಲು ನಿಲ್ಲುತ್ತಿದ್ದರು. ಅಲ್ ಖಲೀಲ್ ಕಡೆಯಿಂದ ಬರುವವರು ಮನೆ ಬಿಡುವುದು ಅದಕ್ಕೂ ಮೊದಲು. ಎಷ್ಟೋ ಜನರ ಫಜ್ರ್ ಆ ಸಾಲಿನ ಬದಿಯಲ್ಲೇ. ಸ್ವಯಂಸೇವಕರು ಕೈಯಲ್ಲಿ ಎಣಿಕೆಯ ಯಂತ್ರ ಹಿಡಿದು ಟಿಕ್ ಟಿಕ್ ಎಂದು ಒತ್ತುತ್ತಾ ಗಂಟೆಗೆ ಎಷ್ಟು ಮಂದಿ ದಾಟಿದರು, ಎಷ್ಟು ಕೌಂಟರ್ ತೆರೆದಿತ್ತು, ಯಾರನ್ನು ಹಿಂದೆ ಕಳುಹಿಸಿದರು ಎಂದು ಲೆಕ್ಕ ಇಡುತ್ತಿದ್ದರು. ತೀರಾ ನೀರಸ ಕೆಲಸ. ಆದರೆ ‘ಎಲ್ಲ ಸುಸೂತ್ರವಾಗಿದೆ’ ಎಂದು ಸೈನ್ಯ ಹೇಳಿದಾಗ ಎದುರಿಡಲು ಇದ್ದದ್ದು ಈ ಲೆಕ್ಕವೇ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದವರು ಮಾತ್ರ ಇವರಾರೂ ಅಲ್ಲ, ಇಸ್ರೇಲಿನ ಯಹೂದಿ ಮಹಿಳೆಯರು. ಎರಡನೇ ಇಂತಿಫಾದ ಶುರುವಾಗಿ ಪಶ್ಚಿಮ ದಂಡೆಯ ದಾರಿಗಳಲ್ಲೆಲ್ಲ ತಡೆಗಳು ಎದ್ದಾಗ, 2001ರ ಆರಂಭದಲ್ಲಿ ಮೂವರು ಮಹಿಳೆಯರು ‘ಮಖ್ಸೋಮ್ ವಾಚ್’ ಕಟ್ಟಿದರು. ಮಖ್ಸೋಮ್ ಎಂದರೆ ಹೀಬ್ರೂ ಭಾಷೆಯಲ್ಲಿ ತಡೆ, ಚೆಕ್‌ಪೋಸ್ಟ್. ಕೆಲವೇ ವರ್ಷಗಳಲ್ಲಿ ಅವರ ಸಂಖ್ಯೆ ನೂರಾರಾಯಿತು. ಬಹುಪಾಲು ನಡುವಯಸ್ಸು ದಾಟಿದವರು, ಅಜ್ಜಿಯಂದಿರೂ ಇದ್ದರು. ಬೆಳಗ್ಗೆ ಒಂದು ತಂಡ, ಮಧ್ಯಾಹ್ನದ ಮೇಲೆ ಇನ್ನೊಂದು. ಖಲಂದಿಯಾ, ಹುವ್ವಾರಾ, ಬೈತ್ ಈಬಾ ಮುಂತಾದೆಡೆ ಹೋಗಿ ನಿಲ್ಲುವುದು, ಕಂಡದ್ದನ್ನು ಅಂದೇ ಬರೆದು ಎಲ್ಲರೂ ಓದುವಂತೆ ಪ್ರಕಟಿಸುವುದು. ಮಗ, ಮಗಳು, ಮೊಮ್ಮಕ್ಕಳು ಸೈನ್ಯ ಸೇರುವುದು ಕಡ್ಡಾಯವಾಗಿರುವ ದೇಶ ಅದು. ಅವರು ಬರೆದದ್ದು ತಮ್ಮದೇ ಮನೆಮಕ್ಕಳ ವಯಸ್ಸಿನ ಹುಡುಗರ ವಿರುದ್ಧ. ಸ್ವಂತ ಜನರಿಂದ ‘ದ್ರೋಹಿಗಳು’ ಎಂಬ ಬೈಗುಳವೂ ಅವರಿಗೆ ಸಿಕ್ಕಿತು.

2004ರ ನವೆಂಬರ್‌ನಲ್ಲಿ ಬೈತ್ ಈಬಾ ಚೆಕ್‌ಪೋಸ್ಟ್‌ನಲ್ಲಿ ಪಿಟೀಲು ಹಿಡಿದು ಬಂದ ಫೆಲೆಸ್ತೀನಿ ಯುವಕನೊಬ್ಬ ಸೈನಿಕರೆದುರು ನಿಂತು ಅದನ್ನು ನುಡಿಸುತ್ತಿದ್ದುದನ್ನು ಇವರಲ್ಲೊಬ್ಬರು ಚಿತ್ರೀಕರಿಸಿದರು. ತನಗೆ ನುಡಿಸಲು ಹೇಳಿದರು ಎಂದು ಅವನೆಂದ. ಅವನೇ ಇಷ್ಟಪಟ್ಟು ನುಡಿಸಿದ ಎಂದು ಸೈನ್ಯ ಹೇಳಿತು. ನಾಝಿ ಶಿಬಿರಗಳಲ್ಲಿ ಯಹೂದಿ ಸಂಗೀತಗಾರರಿಂದ ಬಲವಂತವಾಗಿ ವಾದ್ಯ ನುಡಿಸಿದ್ದ ನೆನಪು ಮರುಕಳಿಸಿ ಇಸ್ರೇಲಿನಲ್ಲಿ ದೊಡ್ಡ ಗದ್ದಲವಾಯಿತು. ಗರ್ಭಿಣಿಯರು, ರೋಗಿಗಳು ಚೆಕ್‌ಪೋಸ್ಟ್‌ಗಳಲ್ಲಿ ಗಂಟೆಗಟ್ಟಲೆ ಕಾಯ್ದ ವರದಿಗಳನ್ನು ಅದೇ ಮಹಿಳೆಯರು ಮೊದಲೇ ಪ್ರಕಟಿಸಿದ್ದರು. ಅದಕ್ಕೆ ಇಷ್ಟು ಗದ್ದಲವಾಗಿರಲಿಲ್ಲ. ನೋಡುವವರಿಗೆ ತಮ್ಮದೇ ನೋವು ನೆನಪಾದಾಗ ಮಾತ್ರ ಇನ್ನೊಬ್ಬರ ಅವಮಾನ ಕಣ್ಣಿಗೆ ಬೀಳುತ್ತದೇನೋ. ಈ ದೋಷ ಅವರೊಬ್ಬರದ್ದೇ ಎಂದು ನಾವು ಹೇಳಲಾರೆವು.

ಆ ಮಹಿಳೆಯರಿಗೆ ತಮ್ಮ ಕೆಲಸದ ಬಗ್ಗೆಯೇ ಅನುಮಾನಗಳಿದ್ದವು. ಸ್ಥಾಪಕರಲ್ಲೊಬ್ಬರಾದ ಯೆಹುದಿತ್ ಕೇಶೆತ್ 2006ರ ತಮ್ಮ ಪುಸ್ತಕದಲ್ಲಿ ಅವನ್ನು ಚರ್ಚಿಸಿದ್ದಾರೆ. ಸೈನಿಕನ ಬಳಿ ಮಾತಾಡಿ ಒಬ್ಬ ರೋಗಿಯನ್ನು ಬೇಗ ದಾಟಿಸಿದರೆ ಅದು ಉಪಕಾರವೇ. ಆದರೆ ಚೆಕ್‌ಪೋಸ್ಟ್‌ಗೆ ಮಾನವೀಯ ಮುಖ ತೊಡಿಸಿ ಅದನ್ನೇ ಭದ್ರಪಡಿಸಿದಂತಾಗುವುದಿಲ್ಲವೇ? ಮುಂದೆ ಕೆಲವು ಕಡೆ ಮಣ್ಣಿನ ದಿಬ್ಬ, ಕಾಂಕ್ರೀಟ್ ದಿಮ್ಮಿಗಳ ಜಾಗದಲ್ಲಿ ಛಾವಣಿ, ಬೆಂಚು, ಶೌಚಾಲಯಗಳಿರುವ ಕಟ್ಟಡಗಳೇ ಎದ್ದಾಗ ಆ ಭಯ ಸುಳ್ಳಾಗಿರಲಿಲ್ಲ ಎನಿಸುತ್ತದೆ. ಆದರೂ ಹೆರಿಗೆ ನೋವಿನ ಹೆಂಡತಿಯನ್ನು ಕಾರಿನಲ್ಲಿಟ್ಟುಕೊಂಡು ಕಾಯುತ್ತಿರುವವನ ಎದುರು ಈ ವಾದ ಹೂಡಲು ಯಾರಿಗೆ ಬಾಯಿ ಬಂದೀತು?

ಅಲ್ ಖಲೀಲ್‌ಗೆ ಮರಳೋಣ. 2018ರಲ್ಲಿ ವೀಕ್ಷಕ ದಳದ ಒಬ್ಬ ಸದಸ್ಯ ವಸಾಹತುಗಾರರ ಬಾಲಕನ ಕೆನ್ನೆಗೆ ಹೊಡೆದದ್ದು, ಇನ್ನೊಬ್ಬ ಅವರ ಕಾರಿನ ಟೈರಿಗೆ ಹಾನಿ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಎರಡೂ ತಪ್ಪೇ. ಇಂಥದ್ದೊಂದು ನೆಪ ಸಿಗಲೆಂದೇ ಕಾಯುತ್ತಿದ್ದವರೂ ಇದ್ದರು. ಆ ವರ್ಷದ ಕೊನೆಗೆ ದಳದ ಗೋಪ್ಯ ವರದಿಯೊಂದರ ಅಂಶಗಳು ಇಸ್ರೇಲಿ ಪತ್ರಿಕೆಯಲ್ಲಿ ಹೊರಬಿದ್ದವು. 2019ರ ಜನವರಿಯಲ್ಲಿ ಪ್ರಧಾನಿ ನೆತನ್ಯಾಹು ದಳದ ಅವಧಿಯನ್ನು ನವೀಕರಿಸುವುದಿಲ್ಲ ಎಂದು ಘೋಷಿಸಿದರು. ಅದೇ ತಿಂಗಳು ಚರ್ಚುಗಳ ಒಕ್ಕೂಟವೂ ವಸಾಹತುಗಾರರ ಕಿರುಕುಳದ ಕಾರಣಕ್ಕೆ ತನ್ನ ಸ್ವಯಂಸೇವಕರನ್ನು ಅಲ್ ಖಲೀಲ್‌ನಿಂದ ಹಿಂದಕ್ಕೆ ಕರೆಸಿಕೊಂಡಿತು. ಈಗ ಅಲ್ಲಿನ ಚೆಕ್‌ಪೋಸ್ಟ್‌ಗಳಲ್ಲಿ ಸದಾ ನೋಡುತ್ತಿರುವುದು ಸೈನ್ಯದ ಕ್ಯಾಮೆರಾಗಳು. ದಾಟುವ ಫೆಲೆಸ್ತೀನಿಯರ ಮುಖವನ್ನು ಅವರ ಒಪ್ಪಿಗೆ ಇಲ್ಲದೆಯೇ ಗುರುತಿಸಿ ದಾಖಲಿಸುವ ‘ರೆಡ್ ವುಲ್ಫ್’ ಎಂಬ ವ್ಯವಸ್ಥೆಯ ಬಗ್ಗೆ ಆಮ್ನೆಸ್ಟಿ 2023ರಲ್ಲಿ ವರದಿ ಪ್ರಕಟಿಸಿತು.

ಹೊರಗಿನವರು ಬಂದು ನೋಡುವುದಕ್ಕೆ ಕಾಯದೆ ಊರಿನವರೇ ಕ್ಯಾಮೆರಾ ಹಿಡಿಯುವ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. ಬೆತ್ಸೆಲೆಮ್ 2007ರಿಂದ ಫೆಲೆಸ್ತೀನಿ ಕುಟುಂಬಗಳಿಗೆ ವಿಡಿಯೋ ಕ್ಯಾಮೆರಾ ಕೊಟ್ಟು ತರಬೇತಿ ನೀಡುತ್ತಿತ್ತು. 2016ರ ಮಾರ್ಚ್ 24ರಂದು ತಲ್ ರುಮೈದಾ ಬಡಾವಣೆಯಲ್ಲಿ, ಸೈನಿಕನಿಗೆ ಇರಿದು ಗುಂಡೇಟು ತಿಂದು ನೆಲದಲ್ಲಿ ಬಿದ್ದಿದ್ದ ಫೆಲೆಸ್ತೀನಿ ಯುವಕನ ತಲೆಗೆ ಸೈನಿಕನೊಬ್ಬ ಮತ್ತೆ ಗುಂಡು ಹೊಡೆದು ಕೊಂದ. ಅದನ್ನು ಚಿತ್ರೀಕರಿಸಿದವರು ಅಲ್ಲಿಯೇ ವಾಸಿಸುವ, ಚಪ್ಪಲಿ ಹೊಲಿಯುವ ಕಸುಬಿನ ಒಬ್ಬ ಸ್ವಯಂಸೇವಕ. ಆ ಚಿತ್ರ ಇಲ್ಲದಿದ್ದರೆ ಮೊಕದ್ದಮೆಯೇ ಇರುತ್ತಿರಲಿಲ್ಲ. ಸೈನಿಕ ತಪ್ಪಿತಸ್ಥನೆಂದು ತೀರ್ಪಾಯಿತು. ಹದಿನೆಂಟು ತಿಂಗಳ ಶಿಕ್ಷೆ ಹದಿನಾಲ್ಕಕ್ಕೆ ಇಳಿಯಿತು. ಒಂಬತ್ತು ತಿಂಗಳು ಕಳೆದು 2018ರ ಮೇ ತಿಂಗಳಲ್ಲಿ ಅವನು ಮನೆಗೆ ಬಂದ. ಚಿತ್ರೀಕರಿಸಿದವರಿಗೆ ಕೊಲೆ ಬೆದರಿಕೆಗಳು ಬಂದವು. ಎಂಟು ತಿಂಗಳ ನಂತರ ವೀಕ್ಷಕ ದಳ ಸಾಮಾನು ಕಟ್ಟಿಕೊಂಡು ತಮ್ಮ ತಮ್ಮ ದೇಶಗಳಿಗೆ ಹೊರಟಿತು. ಕ್ಯಾಮೆರಾ ಹಿಡಿದವರ ಮನೆ ಇದ್ದದ್ದು ಆ ಚೆಕ್‌ಪೋಸ್ಟ್‌ಗಳ ಒಳಗೇ. ಹಿಂದಿರುಗಿ ಹೋಗಲು ಅವರಿಗೆ ಬೇರೆ ದೇಶವಿರಲಿಲ್ಲ.