ಸೋಯಾಬೀನ್ ಬೇರುಗಂಟು: ಧಾರವಾಡದ ಎರೆಹೊಲದ ಅಮೋನಿಯ

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೂ ಬೆಳೆಗೆ ಅದು ನೇರವಾಗಿ ದಕ್ಕದು. ಎರಡು ಪರಮಾಣುಗಳನ್ನು ಬಿಗಿದ ತ್ರಿಬಂಧ ಕಡಿದು ಅಮೋನಿಯವಾದರೆ ಮಾತ್ರ ಬೇರಿಗೆ ಉಪಯೋಗ. ಕಾರ್ಖಾನೆಗಳು ಇದಕ್ಕೆ 400 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ, ವಾಯುಭಾರದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬಳಸುತ್ತವೆ. ಮುಂಗಾರಿನ ಎರೆಹೊಲದಲ್ಲಿ ಸೋಯಾಬೀನ್ ಬೇರು ಮಣ್ಣಿನ ಬಿಸುಪಿನಲ್ಲೇ ಅದನ್ನು ಸಾಧಿಸುತ್ತದೆ.

ಗಂಟಿನೊಳಗೆ

ಕೆಲಸ ಬೇರಿನದಲ್ಲ, ಅದರ ಗಂಟುಗಳಲ್ಲಿ ನೆಲೆಸುವ ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾದ್ದು. ಕಬ್ಬಿಣ, ಮಾಲಿಬ್ಡಿನಂ ಇರುವ ನೈಟ್ರೋಜಿನೇಸ್ ಎಂಬ ಕಿಣ್ವ ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ (ಕೋಶದ ಶಕ್ತಿಯ ಅಣು) ಖರ್ಚು ಮಾಡುತ್ತದೆ. ಅದಕ್ಕೆ ಬೇಕಾದ ಸಕ್ಕರೆಯನ್ನು ಒದಗಿಸುವುದು ಗಿಡ. ಆಮ್ಲಜನಕ ತಾಗಿದರೆ ಈ ಕಿಣ್ವ ಕೆಡುತ್ತದೆ. ಹಾಗಾಗಿ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್ ಗಂಟಿನೊಳಗೆ ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಷ್ಟೇ ಬಿಡುತ್ತದೆ.

ಪ್ರಯೋಗಾಲಯದಲ್ಲಿ

1947ರಲ್ಲಿ ಆರಂಭವಾದ ಧಾರವಾಡದ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಶ್ವವಿದ್ಯಾಲಯದ ನೆಲೆಯಾಯಿತು. ವಿಶ್ವವಿದ್ಯಾಲಯದ ಡಿಎಸ್‌ಬಿ-21 ಎಂಬ ತುಕ್ಕುರೋಗ ತಡೆಯುವ ಸೋಯಾ ತಳಿ ಹೆಸರು ಮಾಡಿದೆ. ಅಲ್ಲಿಂದಲೇ ಬರುವ, ಈ ಬ್ಯಾಕ್ಟೀರಿಯಾ ತುಂಬಿದ ರೈಜೋಬಿಯಂ ಪೊಟ್ಟಣಕ್ಕೂ ಅಷ್ಟೇ ಗೌರವ ಸಲ್ಲಬೇಕೆಂದು ನನ್ನ ನಂಬಿಕೆ.

ತಯಾರಿಕೆಯ ಸಾಮಾನ್ಯ ಕ್ರಮ ಹೀಗಿದೆ. ಆರೋಗ್ಯವಂತ ಗಂಟಿನ ಹೊರಮೈಯನ್ನು ನಂಜುಮುಕ್ತಗೊಳಿಸಿ ಅರೆದು, ಯೀಸ್ಟ್ ಸಾರ ಮತ್ತು ಮ್ಯಾನಿಟಾಲ್ ಇರುವ ಅಗರ್ ಮೇಲೆ ಸವರುತ್ತಾರೆ. ಅಗರ್‌ಗೆ ಸೇರಿಸಿದ ಕಾಂಗೊ ರೆಡ್ ಬಣ್ಣವನ್ನು ಈ ಬ್ಯಾಕ್ಟೀರಿಯಾದ ವಸಾಹತು ಅಷ್ಟಾಗಿ ಹೀರದೆ ಬೆಳ್ಳಗೇ ಉಳಿಯುತ್ತದೆ. ಅದೇ ಮೊದಲ ಗುರುತು. ಸೋಯಾದ ಬ್ಯಾಕ್ಟೀರಿಯಾ ನಿಧಾನದ್ದು, ಸುಮಾರು 28 ಡಿಗ್ರಿಯಲ್ಲಿ ಐದರಿಂದ ಏಳು ದಿನ ಕಾಯಬೇಕು.

ಕಿಣ್ವ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸೊಗಸಾದ ಪರೀಕ್ಷೆಯೊಂದಿದೆ. ನೈಟ್ರೋಜಿನೇಸ್ ಸಾರಜನಕದಂತೆಯೇ ಅಸಿಟಲಿನ್‌ನ ತ್ರಿಬಂಧವನ್ನೂ ಮುರಿಯಬಲ್ಲದು. ಗಂಟುಗಳಿರುವ ಶೀಶೆಗೆ ಅಸಿಟಲಿನ್ ತುಂಬಿ, ಹುಟ್ಟುವ ಎಥಿಲೀನನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಅಳೆಯುತ್ತಾರೆ.

ಬಿತ್ತನೆಗೆ ಮುನ್ನ

ಪುಡಿರೂಪದ ರೈಜೋಬಿಯಂ ಗೊಬ್ಬರದ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಜೀವಂತ ಎಂಬುದೇ ಮುಖ್ಯ. ಬಿಸಿಲಿಗಿಟ್ಟ ಪೊಟ್ಟಣ ಬರೀ ಪುಡಿ. ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಯೂರಿಯಾ ಅತಿಯಾದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡಗಳನ್ನು ಮಣ್ಣುಸಹಿತ ಅಗೆದು ನೋಡಬಹುದು, ಜಗ್ಗಿ ಕಿತ್ತರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಸೀಳಿದಾಗ ಒಳಗೆ ಗುಲಾಬಿ ಕೆಂಪಿದ್ದರೆ ಅಮೋನಿಯ ಸಿದ್ಧವಾಗುತ್ತಿದೆ. ಹಸಿರು ಅಥವಾ ಕಂದಾಗಿದ್ದರೆ ಕೆಲಸ ನಿಂತಿದೆ.